ಸಲಿಕೆ ಸಾರ್ಜೆಂಟ್

ಲೈಮನ್ ಬರ್ಡಿಕ್ ಉಗಿಹಡಗಿನಿಂದ ಬ್ರಾಂಟ್‌ವೆಲ್‌ನ ಕಟ್ಟೆಗೆ ಇಳಿದಾಗ ಅವನ ಹತ್ತಿರ ಇದ್ದದ್ದು ಒಂದು ಚರ್ಮದ ಚೀಲ, ಅದರೊಳಗೆ ತಗಡು ಕತ್ತರಿಸುವ ಎರಡು ಕತ್ತರಿ, ಜೊತೆಗೆ ವಿಪರೀತ ನೆಗಡಿ. ಅವನಿಗೆ ಹತ್ತೊಂಬತ್ತು. ವರ್ಮಾಂಟ್‌ನ ಬೆಟ್ಟದ ಕಡೆಯವನು, ಅಯೋವಾದಲ್ಲಿ ಕೆಲಸವಿದೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಂದಿದ್ದ. ನದಿದಂಡೆಯ ಬೀದಿಯಲ್ಲಿ ಗಿಲ್ಮನ್ ಎಂಬುವವನ ತಗಡಿನ ಅಂಗಡಿ. ಹೊರಗಿನ ಬೆಂಚಿನ ಮೇಲೆ ಕೂತು ಅವರೆ ಬಿಡಿಸುತ್ತಿದ್ದ ಗಿಲ್ಮನ್‌ನ ಮಗಳು ಹೆಪ್ಸಿಬಾಗೆ ಆಗ ಹದಿನೈದು ವರ್ಷ.

"ಮಾತು ಆಮೇಲೆ. ಮೊದ್ಲು ಒಂದು ಸೌಟು ಮಾಡ್ಕೊಡು, ನೋಡಣ," ಅಂದ ಗಿಲ್ಮನ್.

ಲೈಮನ್ ಸೀನುತ್ತ ಸೀನುತ್ತಲೇ ಗಂಟೆಯೊಳಗೆ ಸೌಟು ಮುಗಿಸಿದ. ಬೆಸುಗೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ನಯವಾಗಿತ್ತು. ಆದರೆ ಸೂಪು ಸುರಿಯುವ ಬಾಯಿ ತಪ್ಪು ಬದಿಗಿತ್ತು. ಹೆಪ್ಸಿ ಅದನ್ನು ಕೈಯಲ್ಲಿ ಹಿಡಿದು ಆಡಿಸಿ ನೋಡಿದಳು.

"ಇದ್ರಲ್ಲಿ ಬಡಿಸಿದ್ರೆ ಸೂಪು ತಟ್ಟೆಗೆ ಬೀಳಲ್ಲ, ಪಕ್ಕದೋರ ಮಡಿಲಿಗೆ ಬೀಳತ್ತೆ."

"ಎಡಗೈಲಿ ಬಡಿಸಿ ನೋಡಮ್ಮ."

"ಈ ಊರಲ್ಲಿ ಎಡಗೈಯೋರು ಯಾರಿದಾರೆ?"

"ಈಗ ಒಬ್ಬ ಬಂದಿದೀನಲ್ಲ," ಅಂದ ಲೈಮನ್, ಮತ್ತೊಂದು ಸಲ ಸೀನಿದ.

ನಾಲ್ಕು ವರ್ಷಕ್ಕೆ ಅವರಿಬ್ಬರ ಮದುವೆಯಾಯಿತು. ಅವನು ಜಾಣನೆಂದೋ ಚೆಲುವನೆಂದೋ ಹೆಪ್ಸಿ ಒಪ್ಪಿದ್ದಲ್ಲ. ಅವಳಪ್ಪ ಸಿಟ್ಟಿನಲ್ಲಿ ಸುತ್ತಿಗೆ ಎಸೆದಾಗಲೆಲ್ಲ ಅದನ್ನು ಎತ್ತಿಕೊಂಡು ಬಂದು ಒರೆಸಿ, ಏನೂ ಆಗದವನಂತೆ ಮೊಳೆಗೆ ತಗುಲಿಹಾಕುತ್ತಿದ್ದವನು ಇವನೊಬ್ಬನೇ. ಅಷ್ಟನ್ನು ನೋಡಿಯೇ ಅವಳು ಮನಸ್ಸು ಮಾಡಿದ್ದಳು.

ಗುಲಾಮಗಿರಿಯ ವಿಷಯಕ್ಕೆ ಉತ್ತರ ದಕ್ಷಿಣ ರಾಜ್ಯಗಳ ನಡುವೆ ಹತ್ತಿದ ಯುದ್ಧದ ಎರಡನೆಯ ಬೇಸಗೆಯಲ್ಲಿ ಲೈಮನ್ ಸೈನ್ಯಕ್ಕೆ ಹೆಸರು ಕೊಟ್ಟು ಬಂದ. ಹೆಪ್ಸಿಗೆ ಆಗ ಮೂರು ತಿಂಗಳು. ಅವಳು ಅಳಲಿಲ್ಲ, ಬಯ್ದಳು.

"ನಿಮಗೇನು ಬಂದಿತ್ತು ದೊಡ್ಡ ರೋಗ? ಬಂದೂಕು ಹಿಡಿಯೋಕೆ ಬರತ್ತಾ ನಿಮಗೆ?"

"ಬರಲ್ಲ," ಅಂದ ಲೈಮನ್. "ನಮ್ಮ ಕಟ್ಟೆ ಮುಂದೆ ಹರಿಯೋ ನೀರೇ ಹೆಪ್ಸಿ, ಕೆಳಗೆ ಹೋದ್ರೆ ಮನುಷ್ಯರನ್ನ ಸಂತೇಲಿ ಮಾರೋ ಊರುಗಳ ಮುಂದೆ ಹರಿಯೋದು. ದಿನಾ ಬೆಳಿಗ್ಗೆ ಅದರಲ್ಲೇ ಮುಖ ತೊಳೀತೀನಿ. ಯಾಕೋ ಇತ್ತೀಚೆಗೆ ಆಗ್ತಾ ಇಲ್ಲ."

ಹೆಪ್ಸಿ ಎದ್ದು ಹೋಗಿ ಅವನ ಕಾಲುಚೀಲಗಳ ತೂತು ಹೊಲಿಯುತ್ತ ಕೂತಳು.

ಊರಿನ ಬೇರೆ ಹೆಂಗಸರಿಗೆ ಬರುತ್ತಿದ್ದ ಕಾಗದಗಳಲ್ಲಿ ತೋಪು, ಕುದುರೆ, ಬಾವುಟ ಇರುತ್ತಿದ್ದವು. ಹೆಪ್ಸಿಗೆ ಬರುತ್ತಿದ್ದ ಕಾಗದದಲ್ಲಿ ಮಣ್ಣು. "ಇವತ್ತೂ ಅಗೆದೆವು. ನಿನ್ನೆ ಅಗೆದದ್ದು ಕುಸಿದಿತ್ತು, ಅದನ್ನು ಮತ್ತೆ ಅಗೆದೆವು." ಲೈಮನ್‌ನ ದಳವನ್ನು ನದಿಯ ದಕ್ಷಿಣದ ಕೆಸರಿನಲ್ಲಿ ಕಾಲುವೆ ತೋಡಲು ಹಾಕಿದ್ದರು. ಎಂಟು ತಿಂಗಳಿಗೆ ಅವನನ್ನು ಸಾರ್ಜೆಂಟ್ ಮಾಡಿದರು, ಆದರೂ ಕೈಯಲ್ಲಿ ಸಲಿಕೆಯೇ. ರಜೆಯಲ್ಲಿ ಬಂದ ಕುದುರೆ ದಳದ ಒಬ್ಬ ಆಸಾಮಿ ಕ್ಷೌರದಂಗಡಿಯಲ್ಲಿ ಕೂತು "ನಿಮ್ಮ ಬರ್ಡಿಕ್ ಸಲಿಕೆ ಸಾರ್ಜೆಂಟ್ ಆಗಿದಾನೆ" ಅಂದದ್ದೇ ತಡ, ಊರಿಗೆಲ್ಲ ಅದೇ ಹೆಸರಾಯಿತು.

ಆ ಕಾಗದಗಳಲ್ಲೇ ಹೆಪ್ಸಿ ಎಫ್ರಮ್ ಟಾಲಿವರ್ ಎಂಬ ಹೆಸರನ್ನು ಮೊದಲು ಓದಿದ್ದು. ಕಪ್ಪು ಜನರ ಪೈಕಿ ಒಡೆಯನ ಜಮೀನು ಬಿಟ್ಟು ಸೈನ್ಯದ ಬಿಡಾರಕ್ಕೆ ಓಡಿಬಂದಿದ್ದ ನೂರಾರು ಮಂದಿಯಲ್ಲಿ ಅವನೊಬ್ಬ. ಏಳನೇ ವಯಸ್ಸಿನಿಂದ ನದಿಯ ಒಡ್ಡು ಕಟ್ಟಿದವನು. ಲೈಮನ್‌ನ ಪಕ್ಕದಲ್ಲಿ ಎರಡು ದಿನ ಸುಮ್ಮನೆ ಅಗೆದು ಮೂರನೇ ದಿನ ಬಾಯಿ ಬಿಟ್ಟಿದ್ದ: "ಸಾರ್ಜೆಂಟ್ರೇ, ನೀವು ಮೇಲೆ ಹಾಕ್ಸಿರೋ ಮಣ್ಣು ಸಾಯಂಕಾಲದೊಳಗೆ ಮತ್ತೆ ಕೆಳಗೆ ಬರತ್ತೆ. ಎರಡು ಮಾರು ಹಿಂದಕ್ಕೆ ಹಾಕ್ಸಿ." ಕ್ಯಾಪ್ಟನ್ ಒಪ್ಪಲಿಲ್ಲ. ಸಾಯಂಕಾಲ ಮಣ್ಣು ಬಂತು. ಮರುದಿನದಿಂದ ಲೈಮನ್ ಯಾರಿಗೂ ಹೇಳದೆ ಎಲ್ಲವನ್ನೂ ಟಾಲಿವರನನ್ನು ಕೇಳಿಯೇ ಮಾಡತೊಡಗಿದ. ಕಾಗದದ ತುಂಬ ಅವನ ವಿಷಯವೇ. ಅಂತೂ ಗಂಡನಿಗೆ ಒಬ್ಬ ಮೇಷ್ಟ್ರು ಸಿಕ್ಕಿದ ಎಂದು ಹೆಪ್ಸಿಗೆ ಸಮಾಧಾನವಾಯಿತು.

ಮಗಳು ಮರ್ಸಿ ಹುಟ್ಟಿದ್ದು ಫೆಬ್ರವರಿಯಲ್ಲಿ. ಹನ್ನೊಂದು ತಿಂಗಳು ಇದ್ದು, ಗಂಟಲಿನ ಜ್ವರ ಬಂದು ಹೋಗಿಬಿಟ್ಟಳು. ಸುದ್ದಿ ಲೈಮನ್‌ಗೆ ಮುಟ್ಟಿದಾಗ ಅವನೂ ಚಳಿಜ್ವರದಲ್ಲಿ ಮಲಗಿದ್ದ. ಕ್ವಿನೈನ್ ಕುಡಿಸಿ ಕುಡಿಸಿ ಅವನನ್ನು ಉಳಿಸಿದರು, ಎಡಗಿವಿ ಮಾತ್ರ ಪೂರ್ತಿ ಸತ್ತುಹೋಯಿತು.

ಯುದ್ಧ ಮುಗಿದು ಮನೆಗೆ ಬಂದವನು ಹಾಸಿಗೆ ಹಿಡಿಯಲಿಲ್ಲ, ಕತೆ ಹೇಳಲಿಲ್ಲ. ಮೊದಲ ಸಂಜೆ ಊಟವಾದ ಮೇಲೆ ಕುರ್ಚಿಯನ್ನು ಎಳೆದು, ಬಲಗಿವಿ ಅವಳ ಕಡೆ ಬರುವಂತೆ ಕೂತ.

"ಅವಳ ವಿಷಯ ಹೇಳು."

"ಏನು ಹೇಳ್ಲಿ?"

"ಏನಾದ್ರೂ ಒಂದು. ಎಲ್ಲಾ ಒಟ್ಟಿಗೆ ಬೇಡ. ದಿನಕ್ಕೊಂದು ಹೇಳು, ಸಾಕು."

ಅವತ್ತು ಹೆಪ್ಸಿ ಮರ್ಸಿಯ ಕೂದಲಿನ ಬಣ್ಣ ಹೇಳಿದಳು. ಮಾರನೆಯ ದಿನ, ಮಗು ಚಮಚವನ್ನು ಎಡಗೈಯಲ್ಲೇ ಹಿಡಿಯುತ್ತಿತ್ತು ಎಂಬುದನ್ನು. ಎರಡು ತಿಂಗಳು ಹೀಗೇ ನಡೆಯಿತು. ಹನ್ನೊಂದು ತಿಂಗಳ ಮಗುವಿನ ಬಗ್ಗೆ ಇಷ್ಟೊಂದು ಹೇಳುವುದಿದೆ ಎಂದು ಹೆಪ್ಸಿಗೇ ಗೊತ್ತಿರಲಿಲ್ಲ. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ.

ಮುಂದಿನ ವರ್ಷ ಎಫ್ರಮ್ ಟಾಲಿವರ್ ಹೆಂಡತಿಯನ್ನು ಕರೆದುಕೊಂಡು ಅದೇ ಕಟ್ಟೆಗೆ ಬಂದಿಳಿದ. ತಗ್ಗುಪೇಟೆಯಲ್ಲಿ ಮನೆ ಹಿಡಿದು ಸಾಮಾನಿನ ಗಾಡಿ ಹೊಡೆಯತೊಡಗಿದ. ಅಷ್ಟು ಹೊತ್ತಿಗೆ ಮಾವನ ತಗಡಿನಂಗಡಿ ಲೈಮನ್‌ನ ಕೈಯಲ್ಲಿ ಕಬ್ಬಿಣದ ಒಲೆಗಳ ಅಂಗಡಿಯಾಗಿತ್ತು. ಎಫ್ರಮ್ ಗಾಡಿಯಲ್ಲಿ ಒಲೆ ತಂದುಕೊಟ್ಟರೆ ಲೈಮನ್ ಮನೆ ಮನೆಗೆ ಹೋಗಿ ತಾನೇ ಹೊಗೆಕೊಳವೆ ಕೂರಿಸಿ, ಮೊದಲ ಬೆಂಕಿ ಹಚ್ಚಿ, ಆ ಮನೆಯವರು ಕಾಫಿ ಕೊಟ್ಟರೆ ಕುಡಿದು ಬರುತ್ತಿದ್ದ. ಊರಿನವರೆಲ್ಲ ಎಫ್ರಮ್‌ನನ್ನು "ಬಾರೋ, ಹೋಗೋ" ಅನ್ನುತ್ತಿದ್ದರು. ಪಾದ್ರಿಯೂ ಅನ್ನುತ್ತಿದ್ದ. ಲೈಮನ್ ಮಾತ್ರ "ಟಾಲಿವರ್ರೇ, ಬನ್ನಿ, ಕೂತ್ಕೊಳ್ಳಿ." ಅಂಗಡಿಯಲ್ಲಿ ಇದನ್ನು ಕೇಳಿ ಹುಬ್ಬು ಹಾರಿಸಿದವರು ಉಂಟು. ಅವರು ಸಾಮಾನ್ಯವಾಗಿ ಲೈಮನ್‌ನ ಎಡಗಡೆ ನಿಂತು ಮಾತಾಡುತ್ತಿದ್ದರು, ಅವನಿಗೆ ಏನೂ ಕೇಳಿಸುತ್ತಿರಲಿಲ್ಲ.

ಆ ಕಿವಿಯಿಂದ ಅವನಿಗಾದ ಉಪಕಾರ ಅಷ್ಟಿಷ್ಟಲ್ಲ. ಚೌಕಾಸಿಯವರು, ಚಾಡಿಯವರು, ವಿಮೆ ಮಾರುವವರು ಬಂದರೆ ಮೆಲ್ಲಗೆ ಎಡಗಿವಿ ತಿರುಗಿಸುತ್ತಿದ್ದ. ಯಾವ ಹೊತ್ತಿಗೆ ಯಾವ ಕಿವಿ ತಿರುಗುತ್ತದೆ ಎಂಬುದು ಹೆಪ್ಸಿಗೆ ಚೆನ್ನಾಗಿ ಗೊತ್ತಿತ್ತು. ಬೈಯಬೇಕಾದಾಗ ಅವಳು ಮೇಜನ್ನು ಸುತ್ತಿ ಬಂದು ಬಲಗಡೆಯೇ ನಿಲ್ಲುತ್ತಿದ್ದಳು.

ಊರಿನಲ್ಲಿ ಆಗ ಎರಡು ಪಕ್ಷ. ದಿಣ್ಣೆಪೇಟೆಯ ಚರ್ಚಿನವರದು ಕುಡಿತ ನಿಲ್ಲಿಸಬೇಕೆನ್ನುವ ನೀರಿನ ಪಕ್ಷ. ತಗ್ಗುಪೇಟೆಯ ಜರ್ಮನ್ನರು, ಐರಿಷ್ ಜನರದು ಬಿಯರಿನ ಪಕ್ಷ. ಪ್ರತಿ ಮಾರ್ಚಿನಲ್ಲಿ ಮೇಯರ್ ಚುನಾವಣೆ, ಪ್ರತಿ ಮಾರ್ಚಿನಲ್ಲಿ ಮೂಗು ಒಡೆಯುವ ಜಗಳ. ಇಬ್ಬರಿಗೂ ಸಾಕಾಗಿ, ಇಬ್ಬರೂ ಸಹಿಸಬಹುದಾದ ಒಬ್ಬನನ್ನು ಹುಡುಕಿದರೆ ಸಿಕ್ಕಿದವನು ಲೈಮನ್. ಬಿಯರ್ ಭಟ್ಟಿಯ ಯಜಮಾನ ಕಾಸ್ಪರ್ ಫೋಗೆಲ್ ಪೀಪಾಯಿಯಂಥ ಮೈಯನ್ನು ಹೊತ್ತುಕೊಂಡು ಒಲೆಯಂಗಡಿಗೆ ಬಂದ.

"ನೀನು ಕುಡೀತೀಯೋ ಇಲ್ವೋ, ಸರಿಯಾಗಿ ಒಂದು ಮಾತು ಹೇಳಯ್ಯ."

"ಸೆಕೆ ಜಾಸ್ತಿ ಇದ್ರೆ ಕುಡೀತೀನಿ."

"ಪಾದ್ರಿಗೆ ಏನು ಹೇಳ್ದೆ?"

"ಇದನ್ನೇ. ಈ ವರ್ಷ ಸೆಕೆ ಕಮ್ಮಿ ಇರ್ಲಿ ಅಂತ ಪ್ರಾರ್ಥನೆ ಮಾಡ್ತೀನಿ ಅಂದ್ರು."

ಕಾಸ್ಪರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಹಾಗೆ ನಲವತ್ತಾರನೆಯ ವಯಸ್ಸಿನಲ್ಲಿ ಲೈಮನ್ ಬರ್ಡಿಕ್ ಬ್ರಾಂಟ್‌ವೆಲ್‌ನ ಮೇಯರ್ ಆದ.

ಅವನು ಮಾಡಿದ ಮೊದಲ ಕಾನೂನು ಹಂದಿಯದು. ಬೀದಿಯಲ್ಲಿ ಹಂದಿ ಬಿಟ್ಟರೆ ಹಿಡಿದು ದೊಡ್ಡಿಗೆ ಹಾಕುವುದು, ಒಡೆಯರು ದಂಡ ಕಟ್ಟಿ ಬಿಡಿಸಿಕೊಳ್ಳುವುದು. ಮುಂಚೆ ಯಾವ ಮೇಯರಿಗೂ ಆ ಧೈರ್ಯವಿರಲಿಲ್ಲ, ಯಾಕೆಂದರೆ ಓಟಿರುವ ಎಲ್ಲರಿಗೂ ಹಂದಿಯಿತ್ತು. ಕಾನೂನು ಜಾರಿಗೆ ಬಂದ ಎರಡನೇ ದಿನವೇ ದೊಡ್ಡಿಗೆ ಮೊದಲ ಕೈದಿ ಬಂತು. ಪ್ರುಡೆನ್ಸ್ ಎಂಬ ಹೆಸರಿನ ದೊಡ್ಡ ಬಿಳಿಯ ಹೆಣ್ಣುಹಂದಿ. ಹೆಪ್ಸಿಯದು.

ಸಣ್ಣ ಪುಟ್ಟ ಮೊಕದ್ದಮೆಗಳನ್ನು ಮೇಯರೇ ವಿಚಾರಿಸುವ ಪದ್ಧತಿ. ಸೋಮವಾರ ಬೆಳಿಗ್ಗೆ ಪುರಸಭೆಯ ಕೋಣೆ ಕಿಕ್ಕಿರಿದಿತ್ತು. ಹೆಪ್ಸಿ ಭಾನುವಾರದ ಟೋಪಿ ಹಾಕಿಕೊಂಡು ಗಂಡನ ಎದುರು ನಿಂತಳು.

"ಈ ಹಂದಿ ಯಾರದು?" ಅಂತ ಲೈಮನ್ ಗಂಭೀರವಾಗಿ ಕೇಳಿದ.

"ನಿಮ್ಮದೂ ಹೌದು. ದಿನಾ ಸಂಜೆ ಅದರ ಬೆನ್ನು ಕೆರೀತಾ ಕೂತಿರ್ತೀರಲ್ಲ."

"ಕೇಳಿದ್ದಕ್ಕಷ್ಟೇ ಉತ್ತರ ಕೊಡ್ಬೇಕು, ಶ್ರೀಮತಿ ಬರ್ಡಿಕ್. ಹಂದಿ ಬೀದಿಗೆ ಹೇಗೆ ಬಂತು?"

"ಬೇಲಿ ಬಾಗಿಲಿನ ಅಗುಳಿ ಮುರಿದಿತ್ತು, ಬಂತು. ರಿಪೇರಿ ಮಾಡಿ ಅಂತ ಮೂರು ವಾರದಿಂದ ಮನೆಯವರಿಗೆ ಹೇಳ್ತಾನೇ ಇದೀನಿ. ಅವರು ಯಾವ ಕಿವೀಲಿ ಕೇಳಿಸ್ಕೊಂಡ್ರು ಅಂತ ಮೇಯರ್ ಸಾಹೇಬ್ರೇ ಸ್ವಲ್ಪ ವಿಚಾರಿಸಿ ಹೇಳ್ಬೇಕು."

ಕಾಸ್ಪರ್‌ನ ನಗುವಿಗೆ ಕಿಟಕಿಯ ಗಾಜು ಅದುರಿತು. ಲೈಮನ್ ಗಲಾಟೆ ನಿಲ್ಲುವ ತನಕ ಕಾದು ತೀರ್ಪು ಕೊಟ್ಟ: ಹಂದಿ ಬಿಟ್ಟ ಒಡತಿಗೆ ಒಂದು ದಂಡ, ಅಗುಳಿ ರಿಪೇರಿ ಮಾಡದ ಒಡೆಯನಿಗೆ ಅಷ್ಟೇ ಇನ್ನೊಂದು. ಎರಡನ್ನೂ ತಾನೇ ಅಲ್ಲೇ ತೆತ್ತ. ಆ ವಾರವಿಡೀ ಮನೆಯಲ್ಲಿ ಊಟಕ್ಕೆ ಬೇಯಿಸಿದ ಟರ್ನಿಪ್ ಗಡ್ಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಲೈಮನ್ ಚಕಾರವೆತ್ತದೆ ಉಂಡ. ಊರಿನ ಹಂದಿಗಳೆಲ್ಲ ಒಳಗಾದವು. ಮುಂದಿನ ಮಾರ್ಚಿನಲ್ಲಿ ಅವನನ್ನು ಮತ್ತೆ ಆರಿಸಿದರು.

ಆ ವರ್ಷ ಚಳಿಗಾಲ ಮುಗಿಯುವ ಹಾಗೇ ಕಾಣಲಿಲ್ಲ. ಏಪ್ರಿಲಿನಲ್ಲಿ ಹಿಮವೆಲ್ಲ ಒಂದೇ ಸಲಕ್ಕೆ ಕರಗಿತು. ಊರಿನವರು ಕಟ್ಟೆಯ ಮೇಲೆ ನಿಂತು ದೊಡ್ಡ ನದಿಯನ್ನೇ ಕಾಯುತ್ತಿದ್ದರೆ, ನೀರು ಹಿಂದಿನಿಂದ ಬಂತು. ಮಂಗಳವಾರ ಬೆಳಕು ಹರಿಯುವ ಹೊತ್ತಿಗೆ ಬೀವರ್ ಹಳ್ಳ ದಂಡೆ ಒಡೆದು ತಗ್ಗುಪೇಟೆಯೊಳಗೆ ನುಗ್ಗಿತು. ಬಂದ ನೀರು ದಕ್ಷಿಣಕ್ಕೆ ಹರಿದು ಹುಲ್ಲುಗಾವಲಿಗೆ ಹೋಗಬೇಕು. ಆದರೆ ಅಲ್ಲಿ ಅಡ್ಡಲಾಗಿ ರೈಲು ಏರಿ ಇತ್ತು, ಎರಡಾಳೆತ್ತರ, ಕೆಳಗೆ ಒಂದೇ ಒಂದು ಸಣ್ಣ ಮೋರಿ. ಏರಿ ಕೆರೆಯ ಕಟ್ಟೆಯಂತೆ ನಿಂತುಬಿಟ್ಟಿತು. ತಗ್ಗುಪೇಟೆ ಕೆರೆಯಾಯಿತು.

ದೋಣಿಗಳು ಸಿಕ್ಕಿದವರನ್ನು ಸಿಕ್ಕಿದ ಹಾಗೆ ದಿಣ್ಣೆಗೆ ತಂದು ಇಳಿಸುತ್ತಿದ್ದವು. ಹೆಪ್ಸಿ ಚರ್ಚಿನಲ್ಲಿ ಹಂಡೆಗಟ್ಟಲೆ ಕಾಫಿ ಕಾಯಿಸುತ್ತಿದ್ದಳು. ಒಬ್ಬ ಐರಿಷ್ ಮುದುಕಿ ಒದ್ದೆಯಾದ ಕೋಳಿಯನ್ನು ಉಡಿಯಲ್ಲಿಟ್ಟುಕೊಂಡು ಬಂದು ಅವಳ ತೋಳು ಹಿಡಿದಳು.

"ಮೇಯರಮ್ಮಾ, ನಮ್ಮ ಮುದುಕ ಅಟ್ಟದ ಮೇಲಿದಾನೆ. ದೋಣಿ ಬಂದ್ರೂ ಇಳೀಲಿಲ್ಲ. ಪೈಪು ಸಿಕ್ಕಿಲ್ವಂತೆ."

"ಅಟ್ಟಕ್ಕೆ ಎಷ್ಟು ದೂರ ಇದೆ ನೀರು?"

"ನಾನು ಬರೋವಾಗ ಏಣೀಲಿ ನಾಲ್ಕು ಮೆಟ್ಲು ಕಾಣ್ತಿತ್ತು." ಮುದುಕಿ ಕೋಳಿಯನ್ನು ಉಡಿಯೊಳಗೆ ಒತ್ತಿಕೊಂಡಳು. "ಹಂಗೆ ಅಟ್ಟದ ಮೇಲೆ ಇರೋರು ಅವನೊಬ್ಬನೇ ಅಲ್ಲಮ್ಮ."

ಹೆಪ್ಸಿ ಕಾಫಿಯ ಕ್ಯಾನು ಎತ್ತಿಕೊಂಡು ಸೀದಾ ಏರಿಯ ಕಡೆಗೆ ನಡೆದಳು.

ಅಲ್ಲಿ ಏರಿಯ ಮೇಲೆ ನಲವತ್ತು ಜನ ಸೇರಿದ್ದರು. ಲೈಮನ್ ಕೈಯಲ್ಲಿ ಒಂದು ತಂತಿ ಸಂದೇಶ ಇತ್ತು. ಏರಿ ಕಡಿಯಲು ಅಪ್ಪಣೆ ಕೇಳಿ ಅವನು ರೈಲು ಕಂಪನಿಗೆ ಕಳಿಸಿದ್ದಕ್ಕೆ ಬಂದ ಉತ್ತರ. ಅವಳನ್ನು ನೋಡಿ ಓದಲು ಕೊಟ್ಟ. "ಏರಿ ಮುಟ್ಟಕೂಡದು. ಎಂಜಿನಿಯರ್ ಗುರುವಾರ ಬರುತ್ತಾರೆ."

"ಇವತ್ತು ಮಂಗಳವಾರ," ಅಂದಳು ಹೆಪ್ಸಿ.

"ಹೌದು," ಅಂದ ಲೈಮನ್. ತಂತಿಯನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗಿಟ್ಟ. "ಟಾಲಿವರ್ರೇ, ಎಲ್ಲಿ ಕಡಿಯೋಣ?"

ಎಫ್ರಮ್ ಏರಿಯ ಉದ್ದಕ್ಕೂ ಒಂದು ಕಬ್ಬಿಣದ ಸಲಾಕೆಯನ್ನು ಚುಚ್ಚಿ ಚುಚ್ಚಿ ನೋಡುತ್ತ ಬರುತ್ತಿದ್ದ. ನಿಂತ.

"ಮೋರಿ ಹತ್ರ ಬೇಡ. ಅಲ್ಲಿ ಕಲ್ಲು ತುಂಬಿದಾರೆ, ಸಾಯಂಕಾಲದವರೆಗೂ ಅಗೀಬೇಕಾಗತ್ತೆ. ಇಲ್ಲಿ, ಈ ಬೇಲಿ ಕಂಬದಿಂದ ನಲವತ್ತು ಹೆಜ್ಜೆ. ಇದು ಬರೀ ಮರಳು. ನಾವು ಒಂದು ಮಾರು ಅಗಲ ಬಿಡಿಸಿಕೊಟ್ರೆ ಸಾಕು, ಮಿಕ್ಕಿದ್ದು ನೀರೇ ಅಗೆದ್ಕೊಳತ್ತೆ. ಆದ್ರೆ ನಾನು ಕೂಗಿದ ತಕ್ಷಣ ಎಲ್ಲಾರೂ ಸಲಿಕೆ ಬಿಸಾಕಿ ದಿಣ್ಣೆ ಕಡೆಗೆ ಓಡ್ಬೇಕು. ಒಂದು ಉಸಿರು ತಡ ಮಾಡ್ಬಾರ್ದು."

ಆ ನಲವತ್ತನೇ ಹೆಜ್ಜೆಯ ಜಾಗದಲ್ಲಿ ಸ್ಟೇಷನ್ ಮಾಸ್ತರ್ ಶೆರ್ವಿನ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟ. ಕಡ್ಡಿಯಂಥ ಮನುಷ್ಯ, ಕೆಟ್ಟವನೇನಲ್ಲ. ಹಳಿಯ ಮಧ್ಯದಲ್ಲಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದ.

"ನನ್ನ ಕೆಲಸ ಹೋಗತ್ತೆ ಬರ್ಡಿಕ್ಕರೇ. ನಾಲ್ಕು ಮಕ್ಕಳಿದಾವೆ ನಂಗೆ."

"ಗೊತ್ತು. ನಿಮ್ಮ ಕೈಲಾದಷ್ಟೂ ತಡೆದ್ರಿ, ಆಗ್ಲಿಲ್ಲ ಅಂತ ನಾನೇ ಬರ್ಕೊಡ್ತೀನಿ."

"ಅಷ್ಟು ಸಾಲ್ದು. ಬಲಪ್ರಯೋಗ ಆಯ್ತು ಅಂತ ಬರೀಬೇಕು."

ಲೈಮನ್ ಕಾಸ್ಪರ್ ಕಡೆ ನೋಡಿದ. ಕಾಸ್ಪರ್ ಕುರ್ಚಿಯನ್ನು ಶೆರ್ವಿನ್ ಸಮೇತ ಎತ್ತಿ ಭುಜದ ಮೇಲಿಟ್ಟುಕೊಂಡು ನಡೆದ. "ಬರ್ಕೊಡೋದು ಮರೀಬೇಡಿ!" ಎಂದು ಶೆರ್ವಿನ್ ಮೇಲಿನಿಂದ ಕೂಗಿ ಹೇಳಿದ.

"ಮೊದಲ ಸಲಿಕೆ ನಂದು," ಅಂದ ಲೈಮನ್. "ನಾಳೆ ಕೇಸು ಬಂದ್ರೆ ಹೆಸರು ಬರೆಯೋರಿಗೆ ಗೊಂದಲ ಆಗ್ಬಾರ್ದು." ಕೋಟು ಬಿಚ್ಚಿ ಹೆಪ್ಸಿಯ ಕೈಗೆ ಕೊಟ್ಟು ಅಗೆಯತೊಡಗಿದ.

ಹದಿನೆಂಟು ವರ್ಷದ ಹಿಂದಿನ ಕಾಗದಗಳಲ್ಲಿ ಓದಿದ್ದನ್ನು ಹೆಪ್ಸಿ ಅವತ್ತು ಮೊದಲ ಸಲ ಕಣ್ಣಿಂದ ನೋಡಿದಳು. ಒಲೆಯಂಗಡಿಯಲ್ಲಿ ನಿಧಾನಕ್ಕೆ ಓಡಾಡುವ, ಹೊಟ್ಟೆ ಬಂದ ಗಂಡ ಇವನಲ್ಲ. ಸಲಿಕೆ ಒಂದೇ ಲಯದಲ್ಲಿ ಇಳಿಯುತ್ತಿತ್ತು, ಏಳುತ್ತಿತ್ತು, ಮಣ್ಣು ಒಂದೇ ಜಾಗಕ್ಕೆ ಹೋಗಿ ಬೀಳುತ್ತಿತ್ತು. ಅವನ ಪಕ್ಕದಲ್ಲಿದ್ದ ತರುಣರು ಏದುಸಿರು ಬಿಡುತ್ತಿದ್ದರೆ ಅವನು ಬಿಡುತ್ತಿರಲಿಲ್ಲ. ಒಂದು ಗಂಟೆಯಾಯಿತು. ಕಂಬಿಗಳ ಅಡಿಯ ದಿಮ್ಮಿಗಳು ಬಯಲಾದವು. ಇನ್ನೊಂದು ಅರ್ಧ ಗಂಟೆ. ಕಡಿದ ಗುಂಡಿಯ ಗೋಡೆಯಲ್ಲಿ ಬೆರಳ ಗಾತ್ರದ ನೀರು ಚಿಮ್ಮಿತು.

"ಓಡಿ!" ಎಂದು ಎಫ್ರಮ್ ಕೂಗಿದ.

ಎಲ್ಲರೂ ಸಲಿಕೆ ಎಸೆದು ಓಡಿದರು. ಲೈಮನ್ ಓಡಲಿಲ್ಲ. ಅವನು ಗುಂಡಿಯ ತಳದಲ್ಲಿ ಬಗ್ಗಿದ್ದ, ಎಡಗಿವಿ ಮೇಲಕ್ಕಿತ್ತು. ಇನ್ನೊಂದು ಸಲಿಕೆ ಮಣ್ಣೆತ್ತಿದ. ಹೆಪ್ಸಿ ಅವನ ಹೆಸರು ಹಿಡಿದು ಕಿರುಚಿದಳು. ಯುದ್ಧದಿಂದ ಬಂದ ಮೇಲೆ ತನ್ನ ದನಿ ಆ ಕಿವಿಗೆ ಎಂದೂ ಹೋಗಿಲ್ಲ ಎಂಬುದು ಕಿರುಚುತ್ತಿರುವಾಗಲೇ ಅವಳಿಗೆ ಗೊತ್ತಿತ್ತು. ಅಷ್ಟರಲ್ಲಿ ಎಫ್ರಮ್ ಗುಂಡಿಗೆ ಹಾರಿದ. ಲೈಮನ್‌ನ ಪ್ಯಾಂಟಿನ ಹೆಗಲಪಟ್ಟಿಗೆ ಹಿಂದಿನಿಂದ ಕೈ ಹಾಕಿ, ಮೂಟೆ ಎಳೆದಂತೆ ಎಳೆದ. ಇಬ್ಬರೂ ಇಳಿಜಾರಿನಲ್ಲಿ ಉರುಳಿ ದಿಣ್ಣೆಯ ಕಡೆಯ ಹುಲ್ಲಿನ ಮೇಲೆ ಬಿದ್ದರು, ಅವರ ಬೆನ್ನ ಹಿಂದೆಯೇ ಏರಿ ಬಾಯಿ ಬಿಟ್ಟಿತು. ಎಂಥ ಸದ್ದು! ಆ ಸದ್ದು ಲೈಮನ್‌ಗೂ ಕೇಳಿಸಿತು.

ಎಫ್ರಮ್ ಹೇಳಿದಂತೆಯೇ ನೀರು ತನಗೆ ಬೇಕಾದಷ್ಟನ್ನು ಅಗೆದುಕೊಂಡಿತು. ಕಂಬಿಗಳು ಬಟ್ಟೆ ಒಣಹಾಕುವ ಹಗ್ಗದಂತೆ ಜೋತಾಡಿದವು. ನಲವತ್ತು ಜನ ಟೋಪಿ ಹಾರಿಸಿ ಜಯಘೋಷ ಮಾಡಿದರು. ಹೆಗಲಪಟ್ಟಿ ಕಿತ್ತುಹೋಗಿದ್ದರಿಂದ ಮೇಯರ್ ಎರಡೂ ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ನಿಂತಿದ್ದ. ಹೆಪ್ಸಿ ಓಡಿ ಬಂದು ಮೊದಲು ಎಫ್ರಮ್‌ನ ಎರಡೂ ಕೈ ಹಿಡಿದುಕೊಂಡಳು.

"ಕೈ ಬಿಡಿ ತಾಯಿ, ಪೂರ್ತಿ ಕೆಸರು," ಅಂದ ಎಫ್ರಮ್.

ಮಧ್ಯಾಹ್ನದ ಹೊತ್ತಿಗೆ ತಗ್ಗುಪೇಟೆಯ ಬಾಗಿಲುಗಳ ಚಿಲಕ ಕಾಣತೊಡಗಿದವು. ಐದು ಮನೆ ಬಿದ್ದಿದ್ದವು, ಎರಡು ಕುದುರೆ ಸತ್ತಿದ್ದವು, ಮನುಷ್ಯರು ಯಾರೂ ಹೋಗಿರಲಿಲ್ಲ. ಐರಿಷ್ ಮುದುಕ ಅಟ್ಟದಿಂದ ಇಳಿದು ಬಂದ. ಪೈಪು ಅವನ ಅಂಗಿಯ ಜೇಬಿನಲ್ಲೇ ಇತ್ತು.

ರೈಲು ಹದಿನೇಳು ದಿನ ನಿಂತಿತು. ಮೊದಲ ಮೂರು ದಿನ ಎಲ್ಲರೂ ಮೇಯರನ್ನು ಹೊಗಳಿದರು. ಆಮೇಲೆ ಮರದ ವ್ಯಾಪಾರಿಗಳು, ಹಂದಿಮಾಂಸ ಕಳಿಸುವವರು ಮಾತಾಡಿಸುವುದನ್ನು ಬಿಟ್ಟರು. ಕಂಪನಿ ದಾವೆ ಹೂಡಿತು. ಸ್ಟೇಷನ್ನನ್ನೇ ಪಕ್ಕದ ಊರಿಗೆ ಒಯ್ಯುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಲೈಮನ್ ಶೆರ್ವಿನ್‌ಗೆ ಮಾತು ಕೊಟ್ಟಂತೆ ಬರೆದುಕೊಟ್ಟಿದ್ದ, ಅವನ ಕೆಲಸ ಉಳಿಯಿತು.

ಜೂನಿನಲ್ಲಿ ವಿಚಾರಣೆ. ಕಂಪನಿಯ ವಕೀಲ ದೂರದಿಂದ ಬಂದವನು, ಬೆಣ್ಣೆಯಂಥ ಮಾತು.

"ಎಲ್ಲಿ ಕಡಿಯಬೇಕು ಅಂತ ನಿಮಗೆ ಹೇಳಿದ್ದು ಒಬ್ಬ ಗಾಡಿ ಹೊಡೆಯೋನು. ಒಂದು ಕಾಲದಲ್ಲಿ ಗುಲಾಮನಾಗಿದ್ದೋನು. ಅವನ ಮಾತು ಕೇಳಿ ಕಂಪನಿಯ ಎಂಜಿನಿಯರ್ ಕಟ್ಟಿಸಿದ ಏರೀನ ಒಡೆದ್ರಿ, ಅಲ್ವೇ?"

"ಟಾಲಿವರ್ ಅವರು ಹೇಳಿದ್ರು, ನಾನು ಕೇಳಿದೆ," ಅಂದ ಲೈಮನ್. "ಹಿಂದೆ ಒಂದ್ಸಲ ಅವರು ಹೇಳಿದ್ದನ್ನ ನಮ್ಮ ಕ್ಯಾಪ್ಟನ್ ಕೇಳ್ಲಿಲ್ಲ. ಅವತ್ತು ಸೊಂಟದವರೆಗೂ ಹೂತುಹೋಗಿದ್ದೆ ನಾನು."

ವಕೀಲ ಎಫ್ರಮ್‌ನನ್ನು ಕರೆದ. "ನೀನು ಇದುವರೆಗೆ ಎಷ್ಟು ಏರಿ ಕಡಿದಿದೀಯ?"

"ಕಡಿದಿದ್ದು ಇದೊಂದೇ, ಸ್ವಾಮಿ," ಅಂದ ಎಫ್ರಮ್. "ಕಟ್ಟಿದ್ದು ಎಷ್ಟು ಅಂತ ಕೇಳಿ, ಹೇಳ್ತೀನಿ."

ವಕೀಲ ಕೇಳಲಿಲ್ಲ. ನ್ಯಾಯಾಧೀಶನೇ ಕೇಳಿದ. ಎಫ್ರಮ್ ಬೆರಳು ಮಡಿಸುತ್ತ ಒಂದೊಂದೇ ಒಡ್ಡಿನ ಹೆಸರು, ಉದ್ದ, ಮಣ್ಣಿನ ಬಗೆ, ಅದು ಯಾವ ವರ್ಷ ಒಡೆಯಿತು, ಯಾಕೆ ಒಡೆಯಿತು ಎಂದು ಹೇಳುತ್ತ ಹೋದ. ಹೇಳಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಕಂಪನಿಯ ಎಂಜಿನಿಯರ್ ಮೊದಲು ಸುಮ್ಮನೆ ಕೇಳುತ್ತಿದ್ದವನು ಆಮೇಲೆ ಪೆನ್ಸಿಲ್ ತೆಗೆದು ಬರೆದುಕೊಳ್ಳತೊಡಗಿದ. ದಾವೆ ರಾಜಿಯಲ್ಲಿ ಮುಗಿಯಿತು. ಕಂಪನಿ ಕಡಿದ ಜಾಗದಲ್ಲಿ ಮತ್ತೆ ಮಣ್ಣು ತುಂಬದೆ, ನೀರು ಹೋಗಲು ಬಿಟ್ಟು ಮರದ ಸೇತುವೆ ಕಟ್ಟಿತು. ಸ್ಟೇಷನ್ ಎಲ್ಲಿಗೂ ಹೋಗಲಿಲ್ಲ.

ಊರಿನ ಪತ್ರಿಕೆ "ಮೇಯರ್ ಬರ್ಡಿಕ್ಕರ ದೂರದೃಷ್ಟಿ" ಎಂದು ಬರೆದಾಗ ಲೈಮನ್ ಸಂಪಾದಕನ ಹತ್ತಿರ ಹೋಗಿ, ದೃಷ್ಟಿ ತನ್ನದಲ್ಲ ಎಂದು ಹಟ ಹಿಡಿದು ಕೂತ. ಮುಂದಿನ ವಾರ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಎಫ್ರಮ್ ಅದನ್ನು ಹೆಂಡತಿಯ ಕೈಲಿ ಓದಿಸಿ ಒಲೆಯಂಗಡಿಗೆ ಬಂದ.

"ನನ್ನ ಹೆಸರಲ್ಲಿ ಒಂದು ಅಕ್ಷರ ಬಿಟ್ಟಿದಾರೆ ಸಾರ್ಜೆಂಟ್ರೇ."

"ಬಿಟ್ಟಿದಾರಾ? ಈಗ್ಲೇ ಹೋಗ್ತೀನಿ ಇರಿ."

"ಬೇಡ ಬಿಡಿ. ನೀವು ಇನ್ನೊಂದ್ಸಲ ಹೋದ್ರೆ ಇರೋದನ್ನೂ ತೆಗೆದುಬಿಟ್ಟಾರು."

ಮುಂದಿನ ಮಾರ್ಚಿನ ಚುನಾವಣೆಯಲ್ಲಿ ಲೈಮನ್ ಹತ್ತೊಂಬತ್ತು ಓಟಿನಿಂದ ಸೋತ. ದಿಣ್ಣೆಪೇಟೆಯ ವ್ಯಾಪಾರಿಗಳು ಕೈಬಿಟ್ಟಿದ್ದರು. ತಗ್ಗುಪೇಟೆಯಲ್ಲಿ ಅರ್ಧ ಜನಕ್ಕೆ ಓಟು ಹಾಕಲು ಬೇಕಾದ ಪೌರತ್ವದ ಕಾಗದವೇ ಇನ್ನೂ ಆಗಿರಲಿಲ್ಲ. ಎಫ್ರಮ್ ಮದುವೆಯ ಕೋಟು ಹಾಕಿಕೊಂಡು ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಓಟು ಹಾಕಿ ಬಂದಿದ್ದ. ಸಂಜೆ ಹೆಪ್ಸಿ ಪಾತ್ರೆಗಳನ್ನು ದಬದಬ ಕುಕ್ಕುತ್ತಿದ್ದಳು.

"ಹತ್ತೊಂಬತ್ತು! ಆ ಹತ್ತೊಂಬತ್ತು ಜನರ ಮನೇಲಿ ಒಲೆ ಕೂರಿಸಿದ್ದು ಯಾರು? ಹೆಂಗಸರಿಗೆ ಓಟು ಇದ್ದಿದ್ರೆ ತೋರಿಸ್ತಿದ್ದೆ."

"ಇದ್ದಿದ್ರೆ ನಂಗೆ ಹಾಕ್ತಿದ್ಯಾ?"

ಹೆಪ್ಸಿ ಯೋಚನೆ ಮಾಡಿದಳು. "ಮೊದಲ ವರ್ಷ ಇಲ್ಲ. ಈ ವರ್ಷ ಹಾಕ್ತಿದ್ದೆ."

ಲೈಮನ್ ಇಷ್ಟು ಹೊತ್ತು ಬಿಗಿಹಿಡಿದಿದ್ದ ಮುಖ ಸಡಿಲವಾಯಿತು. ಸೋತದ್ದು ಅವನಿಗೆ ನಿಜವಾಗಿ ನೋವಾಗಿತ್ತು. ಅದನ್ನು ಅವಳೊಬ್ಬಳಿಗೇ ತೋರಿಸಿದ, ಅದೂ ಅವತ್ತೊಂದು ಸಂಜೆ. ಮಾರನೇ ದಿನ ಎಂದಿನಂತೆ ಅಂಗಡಿ ತೆಗೆದ. ಹೊಸ ಮೇಯರ್ ಹಂದಿಯ ಕಾನೂನು ರದ್ದು ಮಾಡಲು ಹೊರಟಾಗ ಊರಿನ ಹೆಂಗಸರೆಲ್ಲ ಪುರಸಭೆಗೆ ನುಗ್ಗಿ ಅದನ್ನು ತಡೆದರು. ಮುಂದೆ ನಿಂತವಳು ಹೆಪ್ಸಿ.

ಆಮೇಲೆ ಬಹಳ ವರ್ಷ ಏನೂ ಆಗದೆ ಕಳೆದವು, ಅಂಥ ವರ್ಷಗಳು ಬರುವುದೂ ಪುಣ್ಯವೇ. ಲೈಮನ್‌ಗೆ ಅರವತ್ತೆರಡಾದಾಗ ಊರಿಗೆಲ್ಲ ಸೈಕಲ್ಲಿನ ಹುಚ್ಚು ಹಿಡಿಯಿತು. ಅವನೂ ಒಲೆಗಳ ಮಧ್ಯೆ ನಾಲ್ಕು ಸೈಕಲ್ ತರಿಸಿ ನಿಲ್ಲಿಸಿದ. ತಾನು ಹತ್ತದ ವಸ್ತುವನ್ನು ಮಾರುವುದು ಮೋಸ ಎಂದು ಹೇಳಿ ಕಲಿಯಲು ಹೊರಟ. ಹೆಪ್ಸಿ ಜಗುಲಿಯ ಮೇಲೆ ಹೊಲಿಗೆ ಹಿಡಿದು ಕೂತು ನೋಡುತ್ತಿದ್ದಳು. ಕಾಸ್ಪರ್ ಹಿಂದೆ ಹಿಡಿದುಕೊಂಡಿದ್ದ, ಎಫ್ರಮ್ ಗಾಡಿಯನ್ನು ಬದಿಗೆ ನಿಲ್ಲಿಸಿ ಸಲಹೆ ಕೊಡುತ್ತಿದ್ದ.

"ಸಾರ್ಜೆಂಟ್ರೇ, ಮುಂದೆ ಇಳಿಜಾರಿದೆ."

"ಏನಂದ್ರಿ?" ಅಂದ ಲೈಮನ್, ಹೊರಟೇಹೋದ.

ದಿಣ್ಣೆಪೇಟೆಯ ರಸ್ತೆ ತಗ್ಗುಪೇಟೆಗೆ ಹೇಗೆ ಇಳಿಯುತ್ತದೆ ಎಂಬುದು ಆ ಊರಿನವರಿಗೆ ಗೊತ್ತು. ಲೈಮನ್‌ನ ಬಿಳಿ ಗಡ್ಡ ಎರಡು ಪಾಲಾಗಿ ಹಿಂದಕ್ಕೆ ಹಾರುತ್ತಿತ್ತು. ಹೆಪ್ಸಿ ಹೊಲಿಗೆ ಬಿಟ್ಟು ಎದ್ದು ನಿಂತಳು. ಕೆಳಗೆ ಹೆಂಗಸರು ಮಕ್ಕಳನ್ನು ಎಳೆದುಕೊಂಡರು, ಯಾರೋ "ಮೇಯರ್ ಬಂದ್ರು, ದಾರಿ ಬಿಡಿ!" ಎಂದು ಕೂಗಿದರು. ಹದಿನಾಲ್ಕು ವರ್ಷದಿಂದ ಅವನು ಮೇಯರಲ್ಲ, ಆದರೆ ತಗ್ಗುಪೇಟೆಯವರು ಬೇರೆ ಯಾರನ್ನೂ ಆ ಹೆಸರಿನಿಂದ ಕರೆದದ್ದಿಲ್ಲ.

ಅರ್ಧ ಗಂಟೆಯ ಮೇಲೆ ಅವನು ಸೈಕಲ್ಲನ್ನು ತಳ್ಳಿಕೊಂಡು ದಿಣ್ಣೆ ಹತ್ತಿ ಬಂದ. ಕುತ್ತಿಗೆಗೆ ಯಾರದೋ ಒದ್ದೆ ದಿಂಬಿನ ಚೀಲ ಸುತ್ತಿಕೊಂಡಿತ್ತು, ಒಂದು ಮೊಣಕಾಲು ತರಚಿತ್ತು.

"ಏನ್ರೀ ಇದು?" ಅಂದಳು ಹೆಪ್ಸಿ.

"ತಿರುಗಿಸೋದು ಕಲಿತೆ," ಅಂದ ಲೈಮನ್, ಉಸಿರು ಸುಧಾರಿಸಿಕೊಳ್ಳುತ್ತ. "ನಿಲ್ಲಿಸೋದು ನಾಳೆ."

ಅವನು ಇನ್ನೂ ಏಳು ವರ್ಷ ಬದುಕಿದ್ದ. ಆ ಸೈಕಲ್ ಸವಾರಿಯ ಮರುದಿನ ಬೆಳಿಗ್ಗೆ ತಿಂಡಿಯಾದ ಮೇಲೆ ಹೆಪ್ಸಿ ಟೋಪಿಯ ದಾರವನ್ನು ಗಲ್ಲದ ಕೆಳಗೆ ಬಿಗಿಯಾಗಿ ಕಟ್ಟಿಕೊಂಡು, ಅಂಗಡಿಯಿಂದ ಇನ್ನೊಂದು ಸೈಕಲ್ ಹೊರಗೆ ತರುವಂತೆ ಅವನ ಬಲಗಿವಿಯಲ್ಲಿ ಹೇಳಿದಳು.